ಕಣ್ಣಿಗೆ ಮೊದಲು, ಕಿವಿಗೆ ಕೊನೆ

"ಮೇಡಂ, ಎಡಿಟರ್ ತಂತ್ರಾಂಶದಲ್ಲಿ ಪೆಟ್ಟಿಗೆಗಳನ್ನು ಎಳೆದು ಕೂರಿಸಿದರೆ ಒಂದೇ ಬೆಳಗಿನಲ್ಲಿ ಪುಟ ಸಿದ್ಧ. ನೋಡಲಿಕ್ಕೂ ಚೆಂದ. ಹಾಗಿದ್ದ ಮೇಲೆ ಕೋಡನ್ನು ಕೈಯಾರೆ ಸಾಲುಸಾಲಾಗಿ ಏಕೆ ಬರೆಯಬೇಕು?"

ಕೇಳಿದವನು ಧರಣೇಂದ್ರ. ಅವನು ಹೆಲೆನ್ ಮೇಡಂ ಅವರಲ್ಲಿ ವೆಬ್ ಪುಟ ಕಟ್ಟುವ ಕೆಲಸ ಕಲಿಯುತ್ತಿದ್ದ. ಒಂದು ಆಸ್ಪತ್ರೆಗಾಗಿ ಅವನು ಮಾಡಿದ ಮೊದಲ ಪುಟ ಎದುರಿನ ಪರದೆಯ ಮೇಲೆ ಹೊಳೆಯುತ್ತಿತ್ತು. ಸಂಜೆಯೊಳಗೆ ಅದನ್ನು ಒಪ್ಪಿಸಬೇಕಿತ್ತು.

ಮೇಡಂ ಪರದೆಯನ್ನು ನೋಡಲಿಲ್ಲ.

"ಮೊದಲು ನೆಟ್ಟಗೆ ಕುಳಿತುಕೋ," ಎಂದರು. ಅವನು ಕುಳಿತ ಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪುಟಗಾರನಿದ್ದ. ಪೆಟ್ಟಿಗೆಗಳನ್ನು ಎಳೆದು ಕೂರಿಸುವುದೇ ಅವನ ವಿದ್ಯೆ. ಅಡಿಯಲ್ಲಿ ಎಡಿಟರು ಏನು ಬರೆಯುತ್ತದೆ ಎಂದು ಅವನು ಒಮ್ಮೆಯೂ ತೆರೆದು ನೋಡಿದವನಲ್ಲ. ಆದರೂ ಪ್ರತಿ ಪುಟದ ಬುಡದಲ್ಲಿ 'ರಚನೆ' ಎಂದು ತನ್ನ ಹೆಸರನ್ನು ಮಾತ್ರ ತಪ್ಪದೆ ಹಾಕಿಕೊಳ್ಳುತ್ತಿದ್ದ.

ಆ ಊರಿನ ಸಂಗೀತ ಶಾಲೆಗೆ ಒಬ್ಬ ಶಿಕ್ಷಕಿ ಬೇಕಾಗಿದ್ದರು. ಸಂದರ್ಶನದ ದಿನ, ಹೊತ್ತು, ಸ್ಥಳ ಎಲ್ಲವನ್ನೂ ಪುಟಗಾರ ಶಾಲೆಯ ಪುಟದಲ್ಲಿ ಹಾಕಿದ. ಅನಂತರ ಸ್ಥಳ ಬದಲಾಯಿತು. ಕಾರ್ಯದರ್ಶಿ ಫೋನ್ ಮಾಡಿ, ಹೊಸ ಸ್ಥಳವನ್ನು ಎಲ್ಲಕ್ಕಿಂತ ಮೇಲೆ ಹಾಕಬೇಕೆಂದ. ಹಳೆಯ ಸಾಲನ್ನು ಹುಡುಕಿ ತಿದ್ದಬಹುದಿತ್ತು. ಪುಟಗಾರ ತಿದ್ದಲಿಲ್ಲ. ಹೊಸ ಪೆಟ್ಟಿಗೆಯೊಂದನ್ನು ಮಾಡಿ, ಕೆಂಪು ಬಳಿದು, ಪುಟದ ತಲೆಗೆ ಎಳೆದು ಇಟ್ಟ.

ಕಣ್ಣಿಗೆ ಅದು ಮೊದಲು ನಿಂತಿತು. ಕೋಡಿನಲ್ಲಿ ಅದು ಕೊನೆಯಲ್ಲೇ ಉಳಿಯಿತು. ಕೊನೆಗೆ ಮಾಡಿದ ಪೆಟ್ಟಿಗೆಯನ್ನು ಎಡಿಟರು ಕೊನೆಗೇ ಬರೆಯಿತು. 'ಇದನ್ನು ಮೇಲೆ ತೋರಿಸು' ಎಂದು ಪಕ್ಕದಲ್ಲಿ ಗುರುತು ಹಾಕಿತು, ಅಷ್ಟೆ.

ಅದೇ ಊರಿನಲ್ಲಿ ಕಣ್ಣು ಕಾಣದ ಒಬ್ಬ ಹೆಂಗಸಿದ್ದಳು. ಮನೆಮನೆಗೆ ಹೋಗಿ ಮಕ್ಕಳಿಗೆ ಹಾಡು ಹೇಳಿಕೊಟ್ಟು ಬದುಕುತ್ತಿದ್ದಳು. ಶಾಲೆಯ ಆ ಕೆಲಸಕ್ಕೆ ವಯಸ್ಸಿನ ಮಿತಿಯಿತ್ತು. ಅವಳಿಗೆ ಅದೇ ಕೊನೆಯ ಅವಕಾಶ. ಅವಳ ಫೋನು ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಫೋನಿಗೆ ಕೆಂಪೂ ಕಾಣದು, ಮೇಲೂ ಕಾಣದು. ಬರೆದ ಕ್ರಮದಲ್ಲಿ ಓದುವುದಷ್ಟೇ ಅದಕ್ಕೆ ಗೊತ್ತು. ಸಂದರ್ಶನದ ಹಿಂದಿನ ದಿನ ಅವಳು ಶಾಲೆಯ ಪುಟವನ್ನು ಮತ್ತೊಮ್ಮೆ ಕೇಳಿದಳು. ಫೋನು ಹಳೆಯ ಸ್ಥಳವನ್ನು ಓದಿತು. ಸ್ಥಾಪಕರ ಗುಣಗಾನವನ್ನು ಓದಿತು. 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಎಂದು ಓದಿತು. ಆ ಮಾತು ಬಂದರೆ ಪುಟ ಮುಗಿಯಿತೆಂದೇ ಅರ್ಥ. ಅವಳು ಫೋನನ್ನು ಮುಚ್ಚಿಟ್ಟಳು.

ಮರುದಿನ ಶ್ರುತಿಪೆಟ್ಟಿಗೆಯನ್ನು ಹಿಡಿದು ಹೋದಳು. ಬಾಗಿಲಿಗೆ ಕೈಯಿಟ್ಟರೆ ಬೀಗ ಸಿಕ್ಕಿತು. ದಾರಿಹೋಕರನ್ನು ಕೇಳಿ, ಆಟೋ ಹಿಡಿದು ಹೊಸ ಸ್ಥಳ ಸೇರುವಷ್ಟರಲ್ಲಿ ಕೆಲಸ ಬೇರೊಬ್ಬಳಿಗೆ ಹೋಗಿತ್ತು.

"ಏನಮ್ಮಾ, ಪುಟದ ತಲೆಯ ಮೇಲೇ ಹಾಕಿಸಿದ್ದೆವಲ್ಲ!" ಎಂದು ಕಾರ್ಯದರ್ಶಿ ರೇಗಿದ. "ಕುರುಡರಿಗೂ ಕಾಣುವ ಹಾಗಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಕುರುಡಿಗೆ ಕಾಣಲಿಲ್ಲ ಸ್ವಾಮಿ," ಎಂದಳು ಅವಳು. "ನೀವೂ ಕೇಳಿ."

ಫೋನನ್ನು ಮೇಜಿನ ಮೇಲಿಟ್ಟಳು. ಹಳೆಯ ಸ್ಥಳ ಬಂತು. ಗುಣಗಾನ ಬಂತು. ಹಕ್ಕುಗಳು ಬಂದವು. ಪುಟಗಾರನ ಹೆಸರೂ ಬಂತು. ಎಲ್ಲ ಮುಗಿದ ಮೇಲೆ, ಯಾರೂ ಕಾಯದ ಜಾಗದಲ್ಲಿ, ಹೊಸ ಸ್ಥಳ ಬಂತು.

ಪುಟಗಾರನನ್ನು ಕರೆಸಿದರು. ಅವನು ಅಡಿಯ ಕೋಡನ್ನು ತೆರೆದು ನೋಡಿದ. ಅವನಿಗೆ ಒಂದು ಸಾಲೂ ಅರ್ಥವಾಗಲಿಲ್ಲ.

"ಇದನ್ನು ನಾನು ಬರೆದಿಲ್ಲ," ಎಂದ. "ಎಡಿಟರು ಬರೆದದ್ದು."

ಹೆಂಗಸು ಶ್ರುತಿಪೆಟ್ಟಿಗೆಯನ್ನು ಎತ್ತಿಕೊಂಡು ಮನೆಗೆ ಹೋದಳು.

ಕತೆ ನಿಂತಿತು. ಧರಣೇಂದ್ರ, "ಹಾಗಾದರೆ ತಪ್ಪು ಎಡಿಟರಿನದೇ ಅಲ್ಲವೇ ಮೇಡಂ?" ಎಂದ.

"ಮೇಲೆ ತೋರಿಸು ಎಂದ, ತೋರಿಸಿತು. ಎಡಿಟರಿನ ತಪ್ಪೇನು?" ಮೇಡಂ ಅವರ ದನಿ ಏರಿತು. "ಹೆಸರು ಹಾಕಿಕೊಳ್ಳುವಾಗ ಪುಟ ತನ್ನದು, ಹೊಣೆ ಹೊರುವಾಗ ಎಡಿಟರಿನದು! ಓದಲು ಬಾರದ ಕಾಗದಕ್ಕೆ ಸಹಿ ಹಾಕುವವನನ್ನು ನಾವು ದಡ್ಡ ಎನ್ನುತ್ತೇವೆ. ಅದನ್ನೇ ಕಸುಬು ಮಾಡಿಕೊಂಡವನನ್ನು ಏನೆನ್ನಬೇಕು? ಕೈಯಿಂದ ಬರೆದು ಕಲಿತವನು ಎಡಿಟರನ್ನೂ ಬಳಸಲಿ, ನನ್ನ ಅಡ್ಡಿಯಿಲ್ಲ. ಅದು ಬರೆದದ್ದನ್ನು ಅವನು ಓದಬಲ್ಲ, ತಿದ್ದಬಲ್ಲ. ಓದಲಾರದವನು ಊರಿಗೆ ಪುಟ ಕಟ್ಟಿಕೊಡುವುದು ಸೋಮಾರಿತನವಲ್ಲ, ಮೋಸ."

"ನನ್ನ ಪುಟ ಹಾಗಿಲ್ಲ ಮೇಡಂ. ನೀವೇ ಒಮ್ಮೆ ನೋಡಿ," ಎಂದು ಅವನು ಪರದೆಯನ್ನು ಅವರತ್ತ ತಿರುಗಿಸಿದ.

ಮೇಡಂ ಕೈ ಚಾಚಿ ಪರದೆಯನ್ನು ಆರಿಸಿದರು.

"ಈಗ ಕಿವಿಗೆ ತೋರಿಸು ನಿನ್ನ ಪುಟವನ್ನು."