ಅಳುವ ತೂತಿಗೆ ಬಳಿದ ಬಣ್ಣ

ತುಂಗಭದ್ರೆಯ ದಂಡೆಯ ಊರೊಂದರಲ್ಲಿ ಪರಮೇಶಪ್ಪ ಎಂಬುವವರ ಸಣ್ಣ ಆಸಿಡ್ ಕಾರ್ಖಾನೆ ಇತ್ತು. ಅಲ್ಲಿ ಎಲ್ಲಕ್ಕಿಂತ ದೊಡ್ಡದು ಮೂರನೆಯ ನಂಬರಿನ ಟ್ಯಾಂಕು. ಅದರ ಹೊರಮೈ ಕಬ್ಬಿಣ, ಒಳಗೆ ಟೆಫ್ಲಾನ್ ಹೊದಿಕೆ. ದೋಸೆ ಅಂಟದಿರಲೆಂದು ಕಾವಲಿಗೆ ಬಳಿದಿರುತ್ತಾರಲ್ಲ, ಅದೇ ಪದಾರ್ಥ. ಇಲ್ಲಿ ದಪ್ಪ ಹಾಳೆಯ ರೂಪದಲ್ಲಿತ್ತು. ಟೆಫ್ಲಾನನ್ನು ಆಸಿಡ್ ಏನೂ ಮಾಡಲಾರದು. ಕಬ್ಬಿಣವನ್ನಾದರೆ ತಿಂದುಹಾಕುತ್ತದೆ.

ಟ್ಯಾಂಕಿನ ಕೆಳಮೈಯಲ್ಲಿ, ಹೊರಗಿನ ಕಬ್ಬಿಣಕ್ಕೆ ಮಾತ್ರ, ಕಡಲೆಕಾಳಿನಷ್ಟು ಗಾತ್ರದ ಒಂದು ತೂತಿತ್ತು. ಅದನ್ನು ಕೊರೆದವರು ಟ್ಯಾಂಕು ಮಾಡಿದವರೇ. ಒಳಗಿನ ಹೊದಿಕೆ ಎಲ್ಲಾದರೂ ಹರಿದರೆ ಆಸಿಡ್ ಮೊದಲು ಆ ತೂತಿನಿಂದ ಹನಿಯಬೇಕು, ಹೊರಗಿದ್ದವರಿಗೆ ತಿಳಿಯಬೇಕು, ಅಷ್ಟೇ ಅದರ ಕೆಲಸ. ಆದರೆ ಈ ಮಾತು ಟ್ಯಾಂಕಿನ ಜೊತೆ ಬಂದ ಪುಸ್ತಕದಲ್ಲೇ ಉಳಿದಿತ್ತು. ಪುಸ್ತಕ ಆಫೀಸಿನ ಬೀರುವಿನಲ್ಲಿತ್ತು.

ಏಳು ವರ್ಷ ಒಣಗಿದ್ದ ತೂತು, ಆಯುಧಪೂಜೆಗೆ ಹನ್ನೆರಡು ದಿನ ಇರುವಾಗ ಹನಿಯತೊಡಗಿತು.

ಮೊದಲು ಕಂಡದ್ದು ಆಪರೇಟರ್ ಇಂದಿರಮ್ಮನಿಗೆ. ದಿನವೂ ಆ ಟ್ಯಾಂಕಿನ ಬುಡದಲ್ಲಿ ನಿಂತು ಆಸಿಡ್ಡಿನ ಸ್ಯಾಂಪಲ್ ಹಿಡಿಯುವುದು ಅವಳ ಕೆಲಸ. ಹನಿಗಳನ್ನು ಎಣಿಸಿ ಪಾಳಿಯ ಪುಸ್ತಕದಲ್ಲಿ ಬರೆದಳು: ಗಂಟೆಗೆ ನಾಲ್ಕು. ಮರುದಿನ ಒಂಬತ್ತು. ಹೋಗಿ ಪರಮೇಶಪ್ಪನವರಿಗೆ ಹೇಳಿದಳು.

“ಹಬ್ಬ ಮುಗೀಲಿ ತಾಯಿ, ನೋಡೋಣ. ಊರ ಹಿರಿಯರೆಲ್ಲ ಪೂಜೆಗೆ ಬರ್ತಾರೆ. ಈಗ ಟ್ಯಾಂಕು ಬಿಚ್ಚಿ ಹರವಿಕೊಂಡು ಕೂತ್ರೆ ಚೆನ್ನಾಗಿರುತ್ತಾ?” ಎಂದರು ಅವರು.

ಪೂಜೆಗೆ ಯಂತ್ರಗಳನ್ನು ತೊಳೆದು ಬಣ್ಣ ಬಳಿಸುವ ಹೊಣೆ ಫಿಟ್ಟರ್ ಹಾಲೇಶಪ್ಪನದು. ಇಪ್ಪತ್ತಾರು ವರ್ಷ ಸ್ಪ್ಯಾನರ್ ಹಿಡಿದಿದ್ದರೂ ಅವನ ಕೆಲಸಕ್ಕೆ ಯಾರೂ ಹೆಸರಿಟ್ಟವರಿಲ್ಲ. ಅವನು ಟ್ಯಾಂಕಿಗೆ ಬೆಳ್ಳಿ ಬಣ್ಣ ಬಳಿದ. ಮರುದಿನ ಬಂದು ನೋಡಿದರೆ ತೂತಿನಿಂದ ಕೆಳಕ್ಕೆ ಕಂದು ಗೆರೆ ಇಳಿದಿತ್ತು. ಒರೆಸಿ ಮತ್ತೆ ಬಳಿದ. ಮತ್ತೆ ಗೆರೆ.

“ಏನು ಹಾಲೇಶಣ್ಣ, ನಿನ್ನ ಟ್ಯಾಂಕಿಗೆ ನೆಗಡಿ ಆಗೈತೇನು? ಮೂಗು ಸೋರ್ತಾ ಐತೆ!” ಎಂದು ಪ್ಯಾಕಿಂಗ್ ವಿಭಾಗದವರು ನಕ್ಕರು.

ಹಾಲೇಶಪ್ಪನಿಗೆ ನಾಚಿಕೆಯಾಯಿತು. ಯಾವನೋ ತಪ್ಪಿ ಕೊರೆದ ತೂತು ಇದು ಎಂದುಕೊಂಡ. ಒಣಗಿದರೆ ಕಲ್ಲಾಗುವ ಪುಟ್ಟಿಯನ್ನು ತೂತಿಗೆ ಮೆತ್ತಿ, ಉಜ್ಜಿ ನಯ ಮಾಡಿ, ಮೇಲೆ ಎರಡು ಸಲ ಬಣ್ಣ ಹೊಡೆದ. ಗೆರೆ ಮತ್ತೆ ಬರಲಿಲ್ಲ. ಪರಮೇಶಪ್ಪನವರು ಬೆನ್ನು ತಟ್ಟಿ, “ಭೇಷ್! ಪೂಜೆ ದಿನ ಮೊದಲನೇ ಶಾಲು ನಿಂದೇ” ಎಂದರು.

ಹಾಲೇಶಣ್ಣ ಸರಿಮಾಡಿರಬೇಕು ಎಂದುಕೊಂಡು ಇಂದಿರಮ್ಮ ಐದು ದಿನ ಪುಸ್ತಕದಲ್ಲಿ ಸೊನ್ನೆ ಬರೆದಳು.

ಆಯುಧಪೂಜೆಯ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಹತಾರಗಳನ್ನು ದೇವರ ಮುಂದೆ ಇಡುತ್ತಿದ್ದರು. ಇಂದಿರಮ್ಮ ಪಾಳಿಯ ಪುಸ್ತಕ ತಂದಳು. ಕುಂಕುಮ ಹಚ್ಚುವ ಮೊದಲು ಹಾಗೇ ಹಾಳೆ ತಿರುವಿದಳು. ಹನ್ನೆರಡು ದಿನದಲ್ಲಿ ಒಮ್ಮೆಯೂ ಟ್ಯಾಂಕಿನ ಮಟ್ಟ ಅರ್ಧಕ್ಕಿಂತ ಕೆಳಗೆ ಇಳಿದಿರಲಿಲ್ಲ. ಅವಳು ನೇರ ಹಾಲೇಶಪ್ಪನ ಹತ್ತಿರ ಹೋದಳು.

“ಅಣ್ಣ, ಒಳಗಿನ ಹೊದಿಕೆ ಯಾವಾಗ ಸರಿಮಾಡಿದ್ರಿ?”

“ಟ್ಯಾಂಕು ಖಾಲಿ ಮಾಡದೆ ಒಳಗೆ ಹೆಂಗೆ ಇಳೀಲವ್ವ? ನಾನೇನು ಮೀನಾ?”

“ಮತ್ತೆ ಹನಿ ಎಲ್ಲಿ ಹೋಯ್ತು?”

“ನಿಂತೈತಲ್ಲ, ಖುಷಿ ಪಡು.”

“ಅಳೋ ಮಗು ಯಾರೂ ಎತ್ಕೊಳ್ಳದೆ ಥಟ್ಟನೆ ಸುಮ್ಮನಾದ್ರೆ ಯಾವ ತಾಯಿ ಖುಷಿ ಪಡ್ತಾಳೆ ಹಾಲೇಶಣ್ಣ? ದಿನಾ ಅದರ ಬುಡದಲ್ಲಿ ನಿಲ್ಲೋಳು ನಾನು.”

ಟ್ಯಾಂಕಿನ ಜೊತೆ ಬಂದ ಪುಸ್ತಕ ಹಾಲೇಶಪ್ಪನಿಗೆ ನೆನಪಾಯಿತು. ಆಫೀಸಿಗೆ ಹೋಗಿ ಬೀರು ತೆಗೆದ. ಪುಸ್ತಕದ ಚಿತ್ರದಲ್ಲಿ ಆ ತೂತಿನ ಪಕ್ಕ ಕೆಂಪಕ್ಷರದ ಒಂದೇ ಸಾಲಿತ್ತು: ಇದನ್ನು ಎಂದಿಗೂ ಮುಚ್ಚಕೂಡದು. ಅವನಿಗೆ ಈಗ ತಿಳಿಯಿತು. ಹೊರಗೆ ಬರಲು ದಾರಿಯಿಲ್ಲದ ಆಸಿಡ್ ಐದು ದಿನದಿಂದ ಹೊದಿಕೆಗೂ ಕಬ್ಬಿಣಕ್ಕೂ ನಡುವೆ ಕೂತು ಕಬ್ಬಿಣವನ್ನು ತಿನ್ನುತ್ತಿತ್ತು.

ಹೊರಗೆ ಬಂದಾಗ ಟ್ಯಾಂಕಿಗೆ ಚೆಂಡುಹೂವಿನ ಹಾರ ಹಾಕಿ ಆಗಿತ್ತು. ಎದುರಿಗೇ ಕುರ್ಚಿಗಳಲ್ಲಿ ಹಿರಿಯರು ಕುಳಿತಿದ್ದರು. ಪರಮೇಶಪ್ಪನವರು ಶಾಲು ಬಿಡಿಸಿ ಅವನ ಹೆಸರು ಕರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಬಾಯಿ ಬಿಟ್ಟರೆ ಇಪ್ಪತ್ತಾರು ವರ್ಷದ ಹೆಸರು ಊರವರ ಮುಂದೆಯೇ ಹೋಗುತ್ತದೆ. ಅವನು ಒಮ್ಮೆ ಇಂದಿರಮ್ಮನ ಮುಖ ನೋಡಿದ.

“ಧಣಿ, ಶಾಲು ಬೇಡ. ಮೊದಲು ಎಲ್ಲರನ್ನೂ ಗೇಟಿನಾಚೆ ಕಳಿಸಿ. ತೂತು ಮುಚ್ಚಿದೋನು ನಾನೇ. ಟ್ಯಾಂಕು ಯಾವಾಗ ಬೇಕಾದ್ರೂ ಒಡೀಬಹುದು.”

“ಮಂಗಳಾರತಿ ಒಂದು ಆಗಿಬಿಡ್ಲಿ ಮಾರಾಯ!”

“ಆರತಿ ಕಾಯ್ತದೆ ಧಣಿ. ಆಸಿಡ್ ಕಾಯಲ್ಲ.”

ಜನ ಹೊರಗೆ ಹೋದರು. ಪಂಪು ಹಚ್ಚಿ ಆಸಿಡ್ಡನ್ನು ಬೇರೆ ಟ್ಯಾಂಕಿಗೆ ಸಾಗಿಸಿದರು. ಖಾಲಿಯಾದ ಮೇಲೆ ತೊಳೆದು, ತೂತಿನ ಸುತ್ತಲಿನ ಕಬ್ಬಿಣವನ್ನು ಅಳೆದರು. ಹತ್ತು ಮಿಲಿಮೀಟರ್ ಇದ್ದದ್ದು ಒಂದೂ ಉಳಿದಿರಲಿಲ್ಲ. ಹಾಲೇಶಪ್ಪ ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಒಳಕ್ಕೆ ಹೋಯಿತು.

ಪರಮೇಶಪ್ಪನವರು ಶಾಲನ್ನು ಮಡಚಿ ಪಕ್ಕಕ್ಕಿಟ್ಟರು. “ನೀನು ತೂತು ಮುಚ್ಚಿದೆ. ಅದಕ್ಕೂ ಮೊದಲು ನಾನು ಕಿವಿ ಮುಚ್ಚಿದ್ದೆ. ನಿನ್ನನ್ನ ಯಾವ ಬಾಯಲ್ಲಿ ಬೈಯಲಿ?” ಎಂದರು.

ಹಾಲೇಶಪ್ಪ ಇಂದಿರಮ್ಮನ ಕಡೆ ತಿರುಗಿ, “ತಪ್ಪಾಯ್ತವ್ವ” ಎಂದ.

“ಇವತ್ತೇ ಹೇಳಿದ್ರಲ್ಲ ಅಣ್ಣ, ಅಷ್ಟು ಸಾಕು. ನಾಳೆ ಹೇಳಿದ್ದಿದ್ರೆ ಕೇಳಿಸಿಕೊಳ್ಳೋಕೆ ನಾನಿರ್ತಿರಲಿಲ್ಲ.”

ನೀತಿ: ದೋಷವನ್ನು ತೋರಿಸುವ ಬಾಯನ್ನು ಮುಚ್ಚಿದರೆ ದೋಷ ಹೋಗುವುದಿಲ್ಲ, ಒಳಗೇ ಬೆಳೆಯುತ್ತದೆ. ತಿಳಿಯದೆ ಮುಚ್ಚಿದ್ದರೆ, ತಿಳಿದ ಕ್ಷಣವೇ ತೆರೆಯಿರಿ. ತಪ್ಪು ಒಪ್ಪಿಕೊಳ್ಳುವುದಕ್ಕೆ ಮುಹೂರ್ತ ನೋಡಬೇಡಿ.