ದಳವಾಯಿ ತೋರಿಸಿದ ಹತ್ತಿರದ ದಾರಿ

ಕಿವಿಗೊಟ್ಟು ಕೇಳ್ರಪ್ಪಾ. ಕಲ್ಲುಬೆಟ್ಟಗಳ ಸೀಮೆಯಲ್ಲಿ ಒಂದು ರಾಜ್ಯ. ಅಲ್ಲೊಂದು ಮುಗಿಲೆತ್ತರದ ಬಂಡೆ. ಬಂಡೆಯ ನೆತ್ತಿಯ ಮೇಲೆ ಕಾವಲುಕೋಟೆ. ಒಂದು ದಿನ ಕೋಟೆಯ ಮೆಟ್ಟಿಲು ಮುರಿದುಬಿತ್ತು. ಏಳು ಜನ ಕಾವಲಿನವರು ಮೇಲೆ ಸಿಕ್ಕಿಬಿದ್ದರು. ಕುಡಿಯಲು ನೀರಿಲ್ಲ. ಮೊದಲ ದಿನ ಕೂಗಿದರು. ಎರಡನೇ ದಿನ ಕೂಗಿದರು. ಮೂರನೇ ದಿನ ದನಿಯೇ ಇಲ್ಲ.

ರಾಜ ಬೆಟ್ಟದ ತಪ್ಪಲಿಗೆ ಬಂದು, ಜೇನು ಕೀಳುವ ಬೊಮ್ಮಕ್ಕನನ್ನು ಕರೆಸಿದ. ಆ ಏಳು ಜನರಲ್ಲಿ ಒಬ್ಬ ಅವಳ ತಮ್ಮ.

"ಮೇಲಕ್ಕೆ ಹಗ್ಗ ಮುಟ್ಟಿಸ್ತೀಯಾ, ತಾಯಿ?"

"ಬಂಡೆ ಹತ್ತೋದು ನನ್ನ ಕಸುಬು, ಬುದ್ಧಿ. ಬಂಡೆಯ ಬುಡ ಮುಟ್ಟೋದೇ ಕಷ್ಟ."

ಬುಡಕ್ಕೆ ಮೂರು ದಾರಿ. ಒಂದು, ಸಡಿಲಗಲ್ಲಿನ ಇಳಿಜಾರು, ಕಾಲಿಟ್ಟರೆ ಜಾರೀತು. ಇನ್ನೊಂದು, ಬೆಟ್ಟದ ಬೆನ್ನಿನ ಮೇಲಿನ ಏಣು; ಅರ್ಧ ದಿನದ ಸುತ್ತು. ಮತ್ತೊಂದು, ಇಕ್ಕಟ್ಟಾದ ಕೊರಕಲು, ಬಲು ಹತ್ತಿರ.

"ಕೊರಕಲಲ್ಲೇ ಹೋಗು," ಅಂದ ದಳವಾಯಿ ಗಾದ್ರಪ್ಪ. ಬೊಮ್ಮಕ್ಕ ಕೊರಕಲ ಬಾಯಿಗೆ ಬಗ್ಗಿ ನೋಡಿದಳು. "ಹೊತ್ತಾಗ್ತದೆ, ಕೊರಕಲಲ್ಲಿ ಹೋಗು," ಅಂದ. ಅವಳು ನೋಡುತ್ತಲೇ ಇದ್ದಳು. "ನಿನ್ನ ತಮ್ಮ ಸಾಯ್ತಾನೆ, ಹೋಗೇ!" ಅಂದ.

ಅವಳಿಗೆ ಕೊರಕಲೊಳಕ್ಕೆ ಓಡಿಬಿಡಲೇ ಅನ್ನಿಸಿತು. ಆದರೆ ಕೊರಕಲ ಬಾಯಲ್ಲಿ ಬಿದ್ದ ಕಲ್ಲುಗಳ ಒಡೆದ ಮೈ ಇನ್ನೂ ಬೆಳ್ಳಗಿತ್ತು, ಈಗಷ್ಟೇ ಒಡೆದ ಹಾಗೆ. ಮಳೆಯಿಲ್ಲ, ಗಾಳಿಯಿಲ್ಲ, ಕಲ್ಲು ಯಾಕೆ ಉರುಳೀತು?

ಅವಳು ರಾಜನಿಗೆ ಕೈಮುಗಿದಳು. "ದಳವಾಯಿಗಳು ದಾರಿ ಬಲ್ಲವರು. ಅವರು ಮುಂದೆ ನಡೀಲಿ. ಅವರ ಹೆಜ್ಜೆ ಮೇಲೆ ನಾನು ಹೆಜ್ಜೆ ಇಡ್ತೀನಿ."

"ನಡಿಯಪ್ಪ ಗಾದ್ರಪ್ಪ," ಅಂದ ರಾಜ.

ದಳವಾಯಿ ಒಂದು ಹೆಜ್ಜೆ ಇಟ್ಟ. ಎರಡನೆಯದು ಇಟ್ಟ. ಮೂರನೆಯದಕ್ಕೆ ಮೇಲಿನಿಂದ ಒಂದು ಹರಳು ಟಣ್ಣನೆ ಉರುಳಿ ಬಂತು. ಅವನು ಮೇಲಕ್ಕೆ ಕೂಗಿದ.

"ಕಲ್ಲು ಉರುಳಿಸಬೇಡ್ರೋ! ನಾನು ಕಣ್ರೋ, ನಿಮ್ಮ ದಳವಾಯಿ!"

ಎಲ್ಲರೂ ತಲೆಯೆತ್ತಿ ನೋಡಿದರು. ಕೊರಕಲ ಮೇಲೆ ಅವನ ಬಂಟರು ಗುಂಡುಕಲ್ಲುಗಳಿಗೆ ಹಾರೆ ಕೊಟ್ಟು, ಉರುಳಿಸಲು ಸಜ್ಜಾಗಿ ನಿಂತಿದ್ದರು. ಹಿಡಿದು ಕೇಳಿದಾಗ ಬಂಟರು ಬಾಯಿಬಿಟ್ಟರು: ಕೋಟೆಯನ್ನು ವೈರಿಗೆ ಒಪ್ಪಿಸಲು ಮೆಟ್ಟಿಲು ಕೀಳಿಸಿದವನೂ ಅವನೇ. ರಾಜ ಅವನಿಗೆ ಕೋಳ ತೊಡಿಸಿದ.

ಬೊಮ್ಮಕ್ಕ ನಿಲ್ಲಲಿಲ್ಲ. ಹಗ್ಗ ಹೆಗಲಿಗೆ ಹಾಕಿಕೊಂಡು ಏಣು ಹಿಡಿದಳು. ಬಿಸಿಲು ಸುಟ್ಟಿತು, ನಾಲಿಗೆ ಒಣಗಿತು, ಕಾಲು ಸೋತಿತು. ಹೊತ್ತು ಇಳಿಯುವಾಗ ಬಂಡೆಗೆ ಕೈಹಚ್ಚಿದಳು. ಬಿರುಕಿಗೆ ಬೆರಳು ತೂರಿಸಿ, ಉಸಿರು ಬಿಗಿಹಿಡಿದು ಹತ್ತಿದಳು. ನೆತ್ತಿಯ ಅಂಚಿಗೆ ಬಂದಾಗ ಒಂದು ಬಡಕಲು ಕೈ ಅವಳ ಮುಂಗೈ ಹಿಡಿಯಿತು.

"ಅಕ್ಕಾ, ಬಂದ್ಯಾ?"

ಏಳಕ್ಕೆ ಏಳು ಜನವೂ ಹಗ್ಗ ಹಿಡಿದು ಇಳಿದರು.

ಅದಕ್ಕೇ ಮಕ್ಕಳೇ, ಅವಸರ ಮಾಡಿಸಿ ಹತ್ತಿರದ ದಾರಿ ತೋರಿಸುವವನನ್ನು ಮೊದಲು ಆ ದಾರಿಯಲ್ಲಿ ನಡೆಸಿ ನೋಡಬೇಕು. ಸುತ್ತಾದರೂ ಸರಿ, ಜೀವ ಉಳಿಸುವ ದಾರಿಯೇ ದಾರಿ.