ಐದನೆಯ ಕುಳಿ

ಶಿಷ್ಯನೊಬ್ಬ ಗುರುವಿನ ಬಳಿಗೆ ಬಂದು ಕೇಳಿದ: "ಗುರುಗಳೇ, ಧ್ಯಾನಕ್ಕೆ ಕುಳಿತರೆ ಕಿವಿಯೊಳಗೆ ಒಂದು ನಾದ ಕೇಳುತ್ತದೆ. ಯಾರೂ ಬಾರಿಸದೆ ಮೊಳಗುವ ಅನಾಹತ ನಾದ ಅದೇ ಎಂದು ಊರವರು ನನ್ನ ಕಾಲಿಗೆ ಬೀಳುತ್ತಿದ್ದಾರೆ. ನಾನು ಸಿದ್ಧನಾದೆನೇ?"

ಗುರು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಸುತ್ತಿಗೆಯಿಂದ ಬಂಡೆಯನ್ನು ಒಮ್ಮೆ ತಟ್ಟಿ, ಅದರ ದನಿ ಕೇಳಿ, ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಆ ಕೆಲಸದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅದು ಅವನಿಗೂ ಚೆನ್ನಾಗಿಯೇ ಗೊತ್ತಿತ್ತು.

ಬಂಡೆ ಸಿಡಿಸುವವರಲ್ಲಿ ಒಂದು ಕಟ್ಟಳೆ ಉಂಟು. ಎಷ್ಟು ಕುಳಿಗಳಿಗೆ ಮದ್ದು ತುಂಬಿ ಬತ್ತಿ ಹಚ್ಚಿದರೋ ಅಷ್ಟು ಸದ್ದು ಎಣಿಸಬೇಕು. ಎಣಿಕೆ ಸರಿಹೋಗುವವರೆಗೆ ಯಾರೂ ಬಂಡೆಯ ಹತ್ತಿರ ಸುಳಿಯಬಾರದು. ಒಂದು ದಿನ ಕುಳಿ ಐದು, ಸದ್ದು ನಾಲ್ಕೇ. "ಎರಡು ಕೂಡಿ ಸಿಡಿದಿವೆ. ನನ್ನ ಕಿವಿಗಿಂತ ಬೇರೆ ಸಾಕ್ಷಿ ಬೇಕೇ?" ಎಂದು ಕಲ್ಲುಕುಟಿಗ ನಡೆದೇಬಿಟ್ಟ. ಅವನು ಹತ್ತಿರ ಹೋದ ಮೇಲೆ ಐದನೆಯದು ಸಿಡಿಯಿತು. ಜೀವವೇನೋ ಉಳಿಯಿತು. ಕಿವಿಯ ತಮಟೆ ಎರಡೂ ಹರಿದವು.

ಹೋದ ಕಿವಿ ಮರಳುವುದಿಲ್ಲ ಎಂದು ವೈದ್ಯ ಕೈಸನ್ನೆಯಲ್ಲಿ ತಿಳಿಸಿದ. ಹೆಂಡತಿಯ ಮಾತಿಲ್ಲ, ಹಕ್ಕಿಯ ದನಿಯಿಲ್ಲ. ಉಳಿದದ್ದು ಹಗಲಿರುಳು ನಿಲ್ಲದ ಗುಂಯ್ ಎನ್ನುವ ಮೊರೆತ ಒಂದೇ. ಅವನು ಸುತ್ತಿಗೆ ಹಿಡಿದು ಬಂಡೆಯನ್ನು ತಟ್ಟಿದ, ಮತ್ತೆ ಮತ್ತೆ ತಟ್ಟಿದ. ಬಂಡೆ ಮಾತಾಡಲಿಲ್ಲ. ಅಂದು ಅವನು ಅತ್ತ. ಅಳುವ ಸದ್ದು ಅವನಿಗೇ ಕೇಳಿಸಲಿಲ್ಲ.

ಮೊರೆತ ತಾಳಲಾರದೆ ಅವನು ಗುಡ್ಡದ ಮೇಲಿನ ಮರದಡಿ ಕಣ್ಣು ಮುಚ್ಚಿ ಕೂರತೊಡಗಿದ. ಆ ದಾರಿಯಲ್ಲಿ ಬಂದ ಒಬ್ಬ ವರ್ತಕ ಕೂಗಿದರೂ ಓಗೊಡದ್ದು ಕಂಡು ಭುಜ ತಟ್ಟಿ, ಇಲ್ಲೇನು ಮಾಡುತ್ತಿದ್ದೀಯೆ ಎಂದು ಸನ್ನೆ ಮಾಡಿ ಕೇಳಿದ. "ಒಳಗೊಂದು ಸದ್ದು. ಯಾರೂ ಬಡಿಯೋದಿಲ್ಲ, ತಾನಾಗಿ ಮೊಳಗ್ತದೆ. ಬೇಡ ಅಂದರೂ ನಿಲ್ಲೋದಿಲ್ಲ" ಎಂದ ಕಲ್ಲುಕುಟಿಗ. ವರ್ತಕ ಚಪ್ಪಲಿ ಕಳಚಿ ಅಡ್ಡಬಿದ್ದ.

ಜನಕ್ಕೆ ಅಷ್ಟು ಸಾಕಾಯಿತು. ಹೊರಗಿನ ಕಿವಿ ಮುಚ್ಚಿ ಒಳಗಿನ ಕಿವಿ ತೆರೆದಿದೆ, ಇವನಿಗೆ ಈಗ ಎಲ್ಲವೂ ಕೇಳಿಸುತ್ತದೆ ಎಂದರು. ವಾರದೊಳಗೆ ಚಪ್ಪರ ಎದ್ದಿತು, ಹಾರ ಬಂತು, ಹಣ್ಣುಕಾಯಿ ರಾಶಿಬಿತ್ತು. ಕೇಳಿದ್ದಕ್ಕೆ ಅವನು ಉತ್ತರ ಕೊಡದಿದ್ದರೆ ಮೌನವ್ರತ ಎಂದರು. ಏನೋ ಕೇಳಿದರೆ ಇನ್ನೇನೋ ಹೇಳಿದಾಗ ಗೂಢಾರ್ಥ ಎಂದರು. ಕಲ್ಲುಕುಟಿಗನಿಗೂ ಅದು ಹಿತವಾಯಿತು. ಅಯ್ಯೋ ಪಾಪ ಎನಿಸಿಕೊಳ್ಳುವುದಕ್ಕಿಂತ ಸ್ವಾಮಿ ಎನಿಸಿಕೊಳ್ಳುವುದು ಯಾರಿಗೆ ಬೇಡ?

ಒಂದು ಮಧ್ಯಾಹ್ನ ಅವನ ಹಳೆಯ ಜೊತೆಗಾರರು ಒಂಬತ್ತು ಮಂದಿ, ಮೈಯೆಲ್ಲ ಕಲ್ಲಿನ ಧೂಳು, ಏದುಸಿರು ಬಿಡುತ್ತ ಬಂದರು. ಅವರ ಮೇಸ್ತ್ರಿ ಐದು ಬೆರಳು ತೋರಿಸಿದ. ಆಮೇಲೆ ಕಿವಿ ಮುಟ್ಟಿ, ಹೆಬ್ಬೆರಳು ಮಡಚಿ, ನಾಲ್ಕು ತೋರಿಸಿದ. ಕೈಮುಗಿದು ನಿಂತ. ಐದನೆಯದು ಸಿಡಿದಿದೆಯೋ ಇಲ್ಲವೋ, ಎಲ್ಲವೂ ಕೇಳಿಸುವ ನೀನೇ ಹೇಳು ಎಂಬುದು ಅದರ ಅರ್ಥ.

ಕಲ್ಲುಕುಟಿಗ ಆ ನಾಲ್ಕು ಬೆರಳನ್ನೇ ನೋಡಿದ. ಹೋಗಿ ಎಂದು ತಲೆಯಾಡಿಸಿದರೆ ಒಂಬತ್ತೂ ಮಂದಿ ಹೋಗುತ್ತಾರೆ. ಸಿಡಿದಿಲ್ಲ ಎಂದು ಊಹಿಸಿ ಹೇಳಿದರೆ, ನಾಳೆಯಿಂದ ಎಣಿಕೆ ಬಿಟ್ಟು ಇವನನ್ನೇ ಕೇಳಲು ಬರುತ್ತಾರೆ. ತಿಳಿಯದು ಎಂದರೆ ಚಪ್ಪರವೂ ಇಲ್ಲ, ಹಾರವೂ ಇಲ್ಲ. ನೆರೆದ ಭಕ್ತರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು.

ಅವನು ಹಾರ ತೆಗೆದಿಟ್ಟ. "ಅಣ್ಣಂದಿರಾ, ನನಗೆ ಏನೂ ಕೇಳಿಸೋದಿಲ್ಲ. ನಾನು ಬರೀ ಕಿವುಡ. ಒಳಗೆ ಮೊರೆಯೋದು ದೇವರಲ್ಲ, ಆವತ್ತಿನ ಮದ್ದಿನ ಗಾಯ. ನಾನೂ ಹೀಗೇ ನಾಲ್ಕು ಎಣಿಸಿ ಹೋಗಿದ್ದೆ. ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಬೇಡಿ."

ಭಕ್ತರು ಗೊಣಗುತ್ತ ಎದ್ದರು. ತಂದ ಬಾಳೆಗೊನೆಯನ್ನು ಮರಳಿ ಹೊತ್ತೊಯ್ದವರೂ ಇದ್ದರು. ಏನೂ ಕೇಳಿಸದೆಂದು ಅವನೇ ಒಪ್ಪಿದ ಮೇಲೆ ಅವನಿಗೇನು ಗೊತ್ತು ಎಂದು ಜೊತೆಗಾರರು ಗುಡ್ಡ ಇಳಿಯತೊಡಗಿದರು. ಕಲ್ಲುಕುಟಿಗ ಅವರನ್ನು ದಾಟಿ ಓಡಿ, ಬಂಡೆಗೆ ಹೋಗುವ ಕಾಲುದಾರಿಗೆ ಅಡ್ಡಲಾಗಿ ಬೋರಲು ಮಲಗಿಬಿಟ್ಟ. ಮಲಗಿದವನನ್ನು ದಾಟಿ ಹೋಗಬಾರದೆಂಬ ಅಂಜಿಕೆ ಅವರಿಗೆ. ಬೈದರು, ಎಳೆದರು. ಅವನು ಬೇರುಗಳನ್ನು ಹಿಡಿದುಕೊಂಡು ಅಲ್ಲಾಡಲಿಲ್ಲ. ಬಿಸಿಲು ಬಾಡುತ್ತ ಬಂತು.

ಆಗ ಅವನ ಎದೆಯಡಿಯ ನೆಲ ನಡುಗಿತು. ತಲೆಯೆತ್ತಿ ನೋಡಿದ. ಆನೆಗಾತ್ರದ ಬಂಡೆಯೊಂದು ಸದ್ದೇ ಇಲ್ಲದೆ ಮೇಲೆದ್ದು, ಅವರೆಲ್ಲ ನಿಂತು ಕೆಲಸ ಮಾಡುವ ಜಾಗದ ಮೇಲೆ ಬಿತ್ತು.

ಧೂಳು ಅಡಗಿತು. ಕಲ್ಲುಕುಟಿಗ ಎದ್ದು, ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದ. ಒಂಬತ್ತು. ಇನ್ನೊಮ್ಮೆ ಎಣಿಸಿದ. ಆಗಲೂ ಒಂಬತ್ತು. ಜೀವವಿರುವ ಒಂದು ತಲೆ ಕೈಗೆ ಇಷ್ಟು ಬೆಚ್ಚಗೆ ತಾಗುತ್ತದೆಂದು ಅವನಿಗೆ ಅಂದಿನವರೆಗೂ ಗೊತ್ತಿರಲಿಲ್ಲ. ಅವನು ಬೆರಗಾಗಿ ನಿಂತ.

ಗುರು ಕತೆ ಮುಗಿಸಿದರು. ಶಿಷ್ಯನ ಕಣ್ಣು ತುಂಬಿತ್ತು. "ಗುರುಗಳೇ, ಆ ನಾದ ಬರೀ ಗಾಯವೆಂದು ಗೊತ್ತಾದ ಮೇಲೂ ಆತನ ಕಾಲಿಗೆ ಬೀಳಬೇಕೆನಿಸುತ್ತದಲ್ಲ, ಯಾಕೆ?"

ಗುರು ಹೇಳಿದರು: "ಅವನು ತನ್ನ ಗಾಯವನ್ನು ಗಾಯವೆಂದೇ ಕರೆದ, ನೀನು ನಿನ್ನದನ್ನು ಏನೆಂದು ಕರೆಯುತ್ತೀಯೆ?"